ಕ್ರಾಫ್ಟ್ ಪೀರಿಯಡ್ಡಿನ ಚರಿತ್ರೆ

ಹೈಸ್ಕೂಲಿನ ವೇಳಾಪಟ್ಟಿಯನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಬೆಳಗಿನ ಹೊತ್ತು ಗಣಿತ, ವಿಜ್ಞಾನ, ಇಂಗ್ಲಿಷ್. ಮಧ್ಯಾಹ್ನ ಊಟ ಮುಗಿದು ಕಣ್ಣು ಎಳೆಯುವ ಹೊತ್ತಿಗೆ ಕ್ರಾಫ್ಟು, ಹೊಲಿಗೆ, ತೋಟಗಾರಿಕೆ. ಪರೀಕ್ಷೆ ಹತ್ತಿರ ಬಂತೆಂದರೆ ಮೊದಲು ಮಾಯವಾಗುತ್ತಿದ್ದುದು ಈ ಪೀರಿಯಡ್ಡೇ. ಗಣಿತದ ಮೇಷ್ಟ್ರು ಬಂದು ಕೇಳಿದರೆ ಕ್ರಾಫ್ಟ್ ಮೇಷ್ಟ್ರು ಇಲ್ಲವೆನ್ನುತ್ತಿರಲಿಲ್ಲ. ಓದು ಮೇಲು, ಕೈಕೆಲಸ ಕೀಳು ಎಂದು ಯಾರೂ ಬೋರ್ಡಿನ ಮೇಲೆ ಬರೆದು ಕಲಿಸಲಿಲ್ಲ, ವೇಳಾಪಟ್ಟಿಯೇ ಕಲಿಸಿತು. ಈ ಪಾಠಕ್ಕೆ ನೂರನಲವತ್ತು ವರ್ಷಗಳ ಇತಿಹಾಸವಿದೆ.

1882ರಲ್ಲಿ ವಿಲಿಯಂ ಹಂಟರ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಶಿಕ್ಷಣ ಆಯೋಗವು ಹೈಸ್ಕೂಲಿನ ಮೇಲಿನ ತರಗತಿಗಳನ್ನು ಎರಡು ಕವಲಾಗಿ ಒಡೆಯಬೇಕೆಂದು ಸಲಹೆ ಮಾಡಿತು. ಒಂದು ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಗೆ ಒಯ್ಯುವ ದಾರಿ. ಇನ್ನೊಂದು ವ್ಯಾಪಾರ ಮತ್ತಿತರ ಪ್ರಾಯೋಗಿಕ ವೃತ್ತಿಗಳ ದಾರಿ. ಇವಕ್ಕೆ 'ಎ' ಕೋರ್ಸ್, 'ಬಿ' ಕೋರ್ಸ್ ಎಂಬ ಹೆಸರುಗಳು ಬಿದ್ದವು. ಎರಡನೆಯದಕ್ಕೆ ಮಕ್ಕಳು ಹೆಚ್ಚಾಗಿ ಬರಲಿಲ್ಲ. ಇದರಲ್ಲಿ ತಂದೆತಾಯಿಯರ ತಪ್ಪೇನೂ ಇರಲಿಲ್ಲ. ಮೆಟ್ರಿಕ್ ಪಾಸಾದವನಿಗೆ ಕಾಲೇಜಿನ ಬಾಗಿಲೂ ತೆರೆಯುತ್ತಿತ್ತು, ಸರ್ಕಾರಿ ಕಚೇರಿಯ ಬಾಗಿಲೂ ತೆರೆಯುತ್ತಿತ್ತು. 'ಬಿ' ಕೋರ್ಸಿನವನಿಗೆ ಅಂಥ ಭರವಸೆಯನ್ನು ಯಾರೂ ಕೊಟ್ಟಿರಲಿಲ್ಲ.

ಈ ಒಡಕನ್ನೇ ಪ್ರಶ್ನಿಸಿದವರು ಗಾಂಧೀಜಿ. 1937ರ ಅಕ್ಟೋಬರ್‌ನಲ್ಲಿ ವಾರ್ಧಾದಲ್ಲಿ ಶಿಕ್ಷಣ ಸಮ್ಮೇಳನ ಸೇರಿತು. ಅಲ್ಲಿ ರೂಪುಗೊಂಡ ವಿಚಾರಕ್ಕೆ ಪಠ್ಯಕ್ರಮದ ಆಕಾರ ಕೊಟ್ಟದ್ದು ಝಾಕಿರ್ ಹುಸೇನರ ಸಮಿತಿ. ಏಳು ವರ್ಷಗಳ ಶಿಕ್ಷಣ. ಇಂಗ್ಲಿಷೊಂದನ್ನು ಬಿಟ್ಟು ಮೆಟ್ರಿಕ್ ಮಟ್ಟದ ತಿಳಿವಳಿಕೆ. ಜೊತೆಗೆ ಒಂದು ಕಸುಬು. ಇದನ್ನು ಕಸುಬು ಕಲಿಸುವ ಯೋಜನೆ ಎಂದಷ್ಟೇ ಅರ್ಥ ಮಾಡಿಕೊಂಡರೆ ಮುಖ್ಯವಾದುದೇ ತಪ್ಪಿಹೋಗುತ್ತದೆ. ಇಲ್ಲಿ ಕಸುಬು ಪಾಠದ ಮಾಧ್ಯಮ. ತಕಲಿಯಲ್ಲಿ ನೂಲು ತೆಗೆಯುವ ಮಗು ನೂಲನ್ನು ಅಳೆಯುತ್ತಾ ಗಣಿತ, ಹತ್ತಿ ಬೆಳೆಯುವ ನೆಲದಿಂದ ಭೂಗೋಳ, ಬಟ್ಟೆಯ ವ್ಯಾಪಾರದಿಂದ ಇತಿಹಾಸ ಕಲಿಯಬೇಕಿತ್ತು. ವಕೀಲನಾಗುವವನೂ ನೇಕಾರನಾಗುವವನೂ ಕೂರುವುದು ಒಂದೇ ಚಾಪೆಯ ಮೇಲೆ.

ಆದರೆ ಮಕ್ಕಳು ಮಾಡಿದ್ದನ್ನು ಮಾರಿ ಮೇಷ್ಟ್ರ ಸಂಬಳಕ್ಕೆ ದಾರಿ ಮಾಡಬೇಕೆಂಬ ಮಾತು ಹಲವರಿಗೆ ಹಿಡಿಸಲಿಲ್ಲ. ಶಾಲೆ ಕಾರ್ಖಾನೆಯಾಗುತ್ತದೆಯೆಂದು ಭಯಪಟ್ಟರು. ಕೈಕೆಲಸದ ಪಾಠದ ಬಗ್ಗೆ ಇನ್ನೂ ಆಳವಾದ ಅನುಮಾನವೊಂದು 1953ರಲ್ಲಿ ಮದ್ರಾಸ್ ರಾಜ್ಯದಲ್ಲಿ ಸ್ಫೋಟಿಸಿತು. ದಕ್ಷಿಣ ಕನ್ನಡವೂ ಆಗ ಆ ರಾಜ್ಯದಲ್ಲೇ ಇತ್ತು. ಪ್ರಾಥಮಿಕ ಶಾಲೆಯ ಮಕ್ಕಳು ದಿನಕ್ಕೆ ಮೂರು ಗಂಟೆ ಓದಿ, ಉಳಿದ ಹೊತ್ತು ಮನೆಯವರ ಕಸುಬು ಕಲಿಯಲಿ ಎಂಬ ಯೋಜನೆಯನ್ನು ರಾಜಾಜಿ ತಂದರು. ಮನೆಯ ಕಸುಬೆಂದರೆ ಜಾತಿಯ ಕಸುಬು ತಾನೇ? ಚಮ್ಮಾರನ ಮಗ ಚಮ್ಮಾರನಾಗಿಯೇ ಇರಲಿ ಎಂದಂತಾಯಿತಲ್ಲ ಎಂದು ಪೆರಿಯಾರ್ ಮೊದಲಾದವರು ಸಿಡಿದೆದ್ದರು. ಇದು 'ಕುಲಕಲ್ವಿ', ಕುಲದ ವಿದ್ಯೆ ಎಂದು ಕರೆದರು. ಮರುವರ್ಷ ರಾಜಾಜಿ ಅಧಿಕಾರದಿಂದ ಇಳಿದರು. ಕಾಮರಾಜರು ಯೋಜನೆಯನ್ನು ಕೈಬಿಟ್ಟರು. ಕೈಕೆಲಸಕ್ಕೆ ಗೌರವ ಕೊಡಬೇಕು ಎನ್ನುವವರೆಲ್ಲ ಈ ಪ್ರಸಂಗವನ್ನು ನೆನಪಿಡಬೇಕು. ಆ ಗೌರವದ ಉಪದೇಶ ಯಾವಾಗಲೂ ಕೆಲವರ ಮಕ್ಕಳಿಗೆ ಮಾತ್ರ ಸಿಕ್ಕರೆ ಅದು ಗೌರವವಲ್ಲ.

ಹೈಸ್ಕೂಲಿನ ಕಡೆ ನೋಡಿದರೆ, 1944ರ ಸಾರ್ಜೆಂಟ್ ವರದಿ ಎರಡು ಬಗೆಯ ಹೈಸ್ಕೂಲುಗಳೇ ಬೇಕೆಂದಿತ್ತು: ಓದಿನದು ಒಂದು, ತಾಂತ್ರಿಕ ಶಿಕ್ಷಣದ್ದು ಇನ್ನೊಂದು. 1952ರಲ್ಲಿ ನೇಮಕವಾದ ಲಕ್ಷ್ಮಣಸ್ವಾಮಿ ಮುದಲಿಯಾರ್ ಆಯೋಗ ಬೇರೆ ಹಾದಿ ಹಿಡಿಯಿತು. ಒಂದೇ ಸೂರಿನಡಿ ಏಳು ವಿಭಾಗಗಳು: ಮಾನವಿಕ, ವಿಜ್ಞಾನ, ತಾಂತ್ರಿಕ, ವಾಣಿಜ್ಯ, ಕೃಷಿ, ಲಲಿತಕಲೆ, ಗೃಹವಿಜ್ಞಾನ. ಯಾವ ವಿಭಾಗಕ್ಕೆ ಸೇರಿದರೂ ಒಂದು ಕಸುಬು ಕಡ್ಡಾಯ. ಇದೇ 'ಮಲ್ಟಿಪರ್ಪಸ್ ಹೈಸ್ಕೂಲ್'. ಇವಕ್ಕೆ ಬೇಕಾದ ಶಿಕ್ಷಕರನ್ನು ತಯಾರು ಮಾಡಲೆಂದು ದೇಶದಲ್ಲಿ ನಾಲ್ಕು ಪ್ರಾದೇಶಿಕ ಶಿಕ್ಷಣ ಕಾಲೇಜುಗಳು ಹುಟ್ಟಿದವು. ಅವುಗಳಲ್ಲೊಂದು 1963ರಲ್ಲಿ ಮೈಸೂರಿನಲ್ಲಿ ಆರಂಭವಾಯಿತು. ಅದರ ಜೊತೆಗಿರುವ ಪ್ರಾತ್ಯಕ್ಷಿಕ ಶಾಲೆಯ ಹೆಸರಿನಲ್ಲಿ 'ಮಲ್ಟಿಪರ್ಪಸ್' ಎಂಬ ಪದ ಇಂದಿಗೂ ಉಳಿದಿದೆ. ಆದರೆ ಆ ಬಗೆಯ ಶಾಲೆಗಳು ಉಳಿಯಲಿಲ್ಲ. ಸಲಕರಣೆ ಸಾಲಲಿಲ್ಲ, ಶಿಕ್ಷಕರು ಸಾಲಲಿಲ್ಲ. ಹದಿಮೂರು ಹದಿನಾಲ್ಕರ ಮಗು ತನ್ನ ಬದುಕಿನ ವಿಭಾಗವನ್ನು ಆರಿಸಿಕೊಳ್ಳಬೇಕಾಗಿತ್ತು.

1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ಈ ತಪ್ಪನ್ನು ಗುರುತಿಸಿತು. ಮೊದಲ ಹತ್ತು ವರ್ಷ ಎಲ್ಲರಿಗೂ ಒಂದೇ ಬಗೆಯ ಶಿಕ್ಷಣ, ಅದರೊಳಗೆ ಎಲ್ಲರಿಗೂ 'ಕಾರ್ಯಾನುಭವ' ಎಂದಿತು. ವಿಚಾರ ಒಳ್ಳೆಯದು. ನಂತರ 1977ರಲ್ಲಿ ಈಶ್ವರಭಾಯ್ ಪಟೇಲ್ ಸಮಿತಿ ಅದಕ್ಕೆ ಸಮಾಜೋಪಯೋಗಿ ಉತ್ಪಾದಕ ಕಾರ್ಯ ಎಂಬ ಹೊಸ ಹೆಸರು ಕೊಟ್ಟಿತು, ಇಂಗ್ಲಿಷಿನಲ್ಲಿ ಎಸ್‌ಯುಪಿಡಬ್ಲ್ಯು. ಮಕ್ಕಳು ಅದನ್ನು 'ಸಮ್ ಯೂಸ್‌ಫುಲ್ ಪೀರಿಯಡ್ಸ್ ವೇಸ್ಟೆಡ್' ಎಂದು ಬಿಡಿಸಿ ನಕ್ಕರು. ಆ ನಗೆಯಲ್ಲಿ ಸತ್ಯವಿತ್ತು. ಮೇಲಿನ ತರಗತಿಗೆ ಸೀಟು ಕೊಡುವಾಗ ಯಾರೂ ನೋಡದ ಅಂಕವನ್ನು ಮಕ್ಕಳೇಕೆ ಲೆಕ್ಕಕ್ಕೆ ಹಿಡಿದಾರು?

ಈಗ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ಹತ್ತು ದಿನಗಳ 'ಬ್ಯಾಗ್ ಇಲ್ಲದ' ಅವಧಿಯ ಮಾತಾಡುತ್ತಿದೆ. ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯಲಿ ಎನ್ನುತ್ತಿದೆ. ಹೆಸರುಗಳು ಬದಲಾಗುತ್ತಲೇ ಬಂದಿವೆ. ಬದಲಾಗದ ಪ್ರಶ್ನೆ ಎರಡೇ. ಈ ತರಗತಿಗೆ ಯಾರ ಮಕ್ಕಳು ಹೋಗುತ್ತಾರೆ? ಅಲ್ಲಿಂದ ಮುಂದಿನ ದಾರಿ ತೆರೆದಿದೆಯೇ? ಡಾಕ್ಟರರ ಮಗಳೂ ಉಳಿ ಹಿಡಿದು ಕಲಿಯುವ, ಬಡಗಿಯ ಮಗಳು ಉಳಿ ಕೆಳಗಿಟ್ಟು ಕಾಲೇಜಿಗೆ ಹೋಗಬಲ್ಲ ಶಾಲೆಯಲ್ಲಿ ಮಾತ್ರ ಕ್ರಾಫ್ಟ್ ಪೀರಿಯಡ್ಡನ್ನು ಗಣಿತದ ಮೇಷ್ಟ್ರಿಗೆ ಬಿಟ್ಟುಕೊಡಲು ಯಾರೂ ಒಪ್ಪುವುದಿಲ್ಲ.