ಕೆರೆಯ ದಂಡೆಯೂ ಊರವರ ಹೊಣೆಯೂ

ನವಲಗುಂದ, ಅಣ್ಣಿಗೇರಿಗಳ ಎರೆಯ ಸೀಮೆಯಲ್ಲಿ ಬಾವಿಯ ನೀರು ಬಹುಕಡೆ ಸವಳು. ಆದುದರಿಂದ ಕುಡಿಯುವುದಕ್ಕೆ ಕೆರೆಯೇ ಗತಿಯಾಗಿದ್ದಿತು. ನವಲಗುಂದದ ನೀಲಮ್ಮನ ಕೆರೆಯು ಇದಕ್ಕೆ ನಿದರ್ಶನವು. ಕೆರೆಗಳನ್ನು ಕಟ್ಟಿಸಿದವರು ಅನೇಕವೇಳೆ ಅರಸರು, ದಂಡನಾಯಕರು; ಕಾಯ್ದುಕೊಂಡು ಬಂದವರು ಊರವರು. ಮಹಾಜನರೂ ಗಾವುಂಡರೂ ಕೂಡಿ ಕೆರೆಗೆ ದತ್ತಿಬಿಟ್ಟುದು ಚಾಲುಕ್ಯರ ಕಾಲದ ಶಾಸನಗಳಲ್ಲಿ ಕಾಣಬರುತ್ತದೆ. ಕೆರೆಯ ಪೋಷಣೆಗಾಗಿ ಬಿಟ್ಟ ಭೂಮಿಗೆ ಇಲ್ಲವೆ ಬೆಳೆಯ ಪಾಲಿಗೆ ‘ಬಿತ್ತುವಟ್ಟ’ವೆಂದು ಹೆಸರು, ಹೂಳೆತ್ತುವುದೂ ಏರಿಯನ್ನು ಬಲಪಡಿಸುವುದೂ ಅದರಿಂದಲೇ ನಡೆಯತಕ್ಕವು.

ವಿಶ್ವಬ್ಯಾಂಕಿನ ನೆರವಿನಿಂದ 2002ರಲ್ಲಿ ಕರ್ನಾಟಕದಲ್ಲಿ ತೊಡಗಿದ ಯೋಜನೆಯೊಂದು ಕೆರೆಗಳ ಮೇಲ್ವಿಚಾರಣೆಯನ್ನು ಬಳಕೆದಾರರ ಸಂಘಗಳಿಗೆ ಒಪ್ಪಿಸಲೆಳಸಿತು. ಈ ತತ್ತ್ವವು ನಮ್ಮ ನಾಡಿಗೆ ಹಳೆಯದೇ. ಆದರೆ ಪೂರ್ವಿಕರು ಹೊಣೆಯೊಡನೆ ಸ್ಥಿರವಾದ ಆದಾಯವನ್ನೂ ಗೊತ್ತುಮಾಡಿದ್ದರು. ಇಂದು ದಂಡೆಗಳನ್ನು ನವೀಕರಿಸುವವರು ಊರವರ ಅಭಿಪ್ರಾಯವನ್ನು ಕೇಳಿದರಷ್ಟೇ ಸಾಲದು. ಬಿತ್ತುವಟ್ಟದಂತಹ ಆಧಾರವನ್ನೂ ಅವರ ಕೈಗೆ ಕೊಡಬೇಕು.