ಯೂಸುಫ್ ಅರಕ್ಕಲ್: ಕಾರ್ಖಾನೆಯಿಂದ ಕಲೆಗೆ ಬಂದ ಚಿತ್ರಕಾರ

ಕರ್ನಾಟಕದ ಸಮಕಾಲೀನ ಕಲೆಗೆ ಹೊರನಾಡುಗಳಲ್ಲಿ ಹೆಸರು ತಂದುಕೊಟ್ಟವರಲ್ಲಿ ಯೂಸುಫ್ ಅರಕ್ಕಲ್ (1945-2016) ಒಬ್ಬರು. ವರ್ಣಚಿತ್ರ, ಮುದ್ರಣಕಲೆ, ಶಿಲ್ಪ ಈ ಮೂರರಲ್ಲಿಯೂ ಅವರು ಕೆಲಸ ಮಾಡಿದರು. ಹುಟ್ಟಿದ್ದು ಕೇರಳದಲ್ಲಾದರೂ ಅವರನ್ನು ಕಲಾವಿದರನ್ನಾಗಿ ರೂಪಿಸಿದ್ದು ಬೆಂಗಳೂರು.

ತ್ರಿಶ್ಶೂರು ಜಿಲ್ಲೆಯ ಚಾವಕ್ಕಾಡ್ ಅವರ ಜನ್ಮಸ್ಥಳ. ತಾಯಿ ಕಣ್ಣೂರಿನ ಅರಕ್ಕಲ್ ಅರಸುಮನೆತನದವರು. ಗೋಣಿಕೊಪ್ಪಲಿನಿಂದ ವಿರಾಜಪೇಟೆ, ಮಾಕುಟ್ಟ ಮಾರ್ಗವಾಗಿ ಘಟ್ಟವಿಳಿದು ಸಾಗಿದರೆ ಸಿಗುವ ಕಣ್ಣೂರು ಕೊಡಗಿನವರಿಗೆ ಅಪರಿಚಿತ ಊರೇನಲ್ಲ. ಕೇರಳದ ಏಕೈಕ ಮುಸ್ಲಿಂ ರಾಜವಂಶವೆನಿಸಿದ ಈ ಮನೆತನದಲ್ಲಿ ಅಧಿಕಾರವು ತಾಯಿಯ ಕಡೆಯಿಂದ ಹರಿದುಬರುತ್ತಿತ್ತು. ಹಿರಿಯ ಸ್ತ್ರೀಯರು 'ಬೀವಿ' ಎಂಬ ಬಿರುದಿನಿಂದ ಆಳಿದ ನಿದರ್ಶನಗಳಿವೆ. ಆದರೆ ಈ ಹಿರಿಮೆ ಬಾಲಕ ಯೂಸುಫರ ನೆರವಿಗೆ ಬರಲಿಲ್ಲ. ಎಳವೆಯಲ್ಲಿಯೇ ತಂದೆ-ತಾಯಿಯರನ್ನು ಕಳೆದುಕೊಂಡ ಅವರು ಹದಿಹರೆಯದಲ್ಲಿ ಮನೆ ಬಿಟ್ಟು ಬೆಂಗಳೂರು ಸೇರಿದರು. ನಗರದ ಬೀದಿಗಳ ಬದುಕನ್ನು ಅವರು ಕಂಡದ್ದು ನೋಡುಗನಾಗಿ ಅಲ್ಲ, ಅದರೊಳಗಿನವನಾಗಿ.

ಮುಂದೆ ಹಿಂದುಸ್ತಾನ್ ಏರೊನಾಟಿಕ್ಸ್ ಕಾರ್ಖಾನೆಯಲ್ಲಿ ನೌಕರಿ ದೊರೆಯಿತು. ಅದರ ನಡುವೆಯೇ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಚಿತ್ರಕಲೆಯ ಡಿಪ್ಲೊಮಾ ಪಡೆದರು. ಬಳಿಕ ದೆಹಲಿಯ ಗಢೀ ಗ್ರಾಮದಲ್ಲಿರುವ ಕೇಂದ್ರ ಲಲಿತಕಲಾ ಅಕಾಡೆಮಿಯ ಸಮುದಾಯ ಸ್ಟುಡಿಯೊದಲ್ಲಿ ಮುದ್ರಣಕಲೆಯ ವಿಶೇಷ ತರಬೇತಿ ಹೊಂದಿದರು. ನೌಕರಿ ತೊರೆದು ಪೂರ್ಣಾವಧಿ ಕಲಾವಿದರಾದದ್ದು ಅನಂತರದ ಮಾತು.

ಮುದ್ರಣಕಲೆಯೆಂದರೆ ಅಚ್ಚುಕೂಟದಲ್ಲಿ ಸಾವಿರಗಟ್ಟಲೆ ಹೊರಬರುವ ಕ್ಯಾಲೆಂಡರ್ ಚಿತ್ರವೆಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ಇಂದಿಗೂ ಇದೆ. ಎಚ್ಚಿಂಗ್ ವಿಧಾನವನ್ನೇ ನೋಡಬಹುದು. ಸತು ಅಥವಾ ತಾಮ್ರದ ತಗಡಿಗೆ ಮೇಣದಂಥ ಲೇಪನ ಬಳಿದು, ಮೊನಚಾದ ಸೂಜಿಯಿಂದ ಅದರ ಮೇಲೆ ಚಿತ್ರ ಕೆರೆಯುತ್ತಾರೆ. ತಗಡನ್ನು ಆಮ್ಲದಲ್ಲಿ ಅದ್ದಿದಾಗ ಲೇಪನ ಸರಿದ ಗೆರೆಗಳನ್ನಷ್ಟೇ ಆಮ್ಲವು ಕೊರೆಯುತ್ತದೆ. ಹೆಚ್ಚು ಹೊತ್ತು ಬಿಟ್ಟಷ್ಟೂ ಗೆರೆ ಆಳವಾಗುತ್ತದೆ, ಅಚ್ಚಿನಲ್ಲಿ ಕಪ್ಪಾಗುತ್ತದೆ. ಆ ತೋಡುಗಳಿಗೆ ಶಾಯಿ ತುಂಬಿ, ಮೇಲ್ಮೈಯನ್ನು ಬಟ್ಟೆಯಿಂದ ಒರೆಸಿ, ತೇವಗೊಳಿಸಿದ ಕಾಗದವನ್ನಿಟ್ಟು ರೋಲರ್ ಯಂತ್ರದಡಿ ಒತ್ತಿದಾಗ ಚಿತ್ರವು ಎಡಬಲ ತಿರುಗಿ ಮೂಡುತ್ತದೆ. ಪ್ರತಿ ಪ್ರತಿಗೂ ಶಾಯಿ ತುಂಬುವ, ಒರೆಸುವ ಶ್ರಮ ತಪ್ಪಿದ್ದಲ್ಲ. ಆದುದರಿಂದಲೇ ಸೀಮಿತ ಸಂಖ್ಯೆಯ ಪ್ರತಿಗಳನ್ನಷ್ಟೇ ತೆಗೆದು, ಅಂಚಿನಲ್ಲಿ 3/25 ಎಂಬಂತೆ ಪೆನ್ಸಿಲಿನಲ್ಲಿ ಸಂಖ್ಯೆ ನಮೂದಿಸಿ ಸಹಿ ಹಾಕುವ ಪದ್ಧತಿ ಬೆಳೆದಿದೆ. ಅವೆಲ್ಲವೂ ಮೂಲಕೃತಿಗಳೇ. ಲೋಹ, ಯಂತ್ರ, ಬಟ್ಟೆ, ಮಸಿಯ ಈ ಕಲೆ ಕಾರ್ಖಾನೆಯಲ್ಲಿ ದುಡಿದ ಕೈಗೆ ಒಗ್ಗಿದ್ದರಲ್ಲಿ ಅಚ್ಚರಿಯಿಲ್ಲ.

ಅರಕ್ಕಲ್ ಅವರ ಕೃತಿಗಳ ಕೇಂದ್ರ ಒಂಟಿ ಮನುಷ್ಯ. ಕಾಲುದಾರಿಯಲ್ಲಿ ಮಲಗಿದವನು, ಗೋಡೆಗೊರಗಿ ಕುಳಿತವನು, ಯಾರಿಗೋ ಕಾಯುತ್ತಿರುವವನು. ಮುಖಚಹರೆ ಬಹುಪಾಲು ಅಸ್ಪಷ್ಟ. ಕಂದು, ಬೂದು ಛಾಯೆಗಳೊಳಗೆ ಆಕೃತಿ ಅರ್ಧ ಕರಗಿರುತ್ತದೆ. ಗಾಲಿ, ಖಾಲಿ ಕುರ್ಚಿ, ಗಾಳಿಪಟ ಮತ್ತೆ ಮತ್ತೆ ಬರುವ ವಸ್ತುಗಳು. ಮನುಷ್ಯನನ್ನೇ ಬಿಡಿಸದ ಕುರ್ಚಿಯ ಚಿತ್ರಗಳಲ್ಲಿಯೂ ಎದ್ದುಹೋದವನ ಇರವು ತೋರುತ್ತದೆ. ಬಡತನವನ್ನು ಅಂದಗೊಳಿಸುವ ಅಥವಾ ಕಣ್ಣೀರು ತರಿಸುವ ಹಂಬಲ ಅವರಿಗಿರಲಿಲ್ಲ. ಅವರ ಸಮರ್ಥ ಕೃತಿಗಳ ಬಲ ಈ ಸಂಯಮದಲ್ಲಿದೆ. ಒಂದೇ ಬಗೆಯ ಆಕೃತಿ ದಶಕಗಳ ಕಾಲ ಮರುಕಳಿಸಿತೆಂದು ಯಾರಾದರೂ ಆಕ್ಷೇಪಿಸಿದರೆ ಅದನ್ನು ಪೂರ್ತಿ ತಳ್ಳಿಹಾಕಲಾಗದು.

ಕರ್ನಾಟಕ ಲಲಿತಕಲಾ ಅಕಾಡೆಮಿಯ ಪ್ರಶಸ್ತಿ 1979 ಹಾಗೂ 1981ರಲ್ಲಿ, ಕೇಂದ್ರ ಲಲಿತಕಲಾ ಅಕಾಡೆಮಿಯ ರಾಷ್ಟ್ರೀಯ ಪ್ರಶಸ್ತಿ 1983ರಲ್ಲಿ ಅವರಿಗೆ ಸಂದವು. 1986ರ ಢಾಕಾ ಏಷ್ಯನ್ ಕಲಾ ದ್ವೈವಾರ್ಷಿಕದಲ್ಲಿಯೂ ಪುರಸ್ಕಾರ ದೊರೆಯಿತು. 2005ರಲ್ಲಿ ಇಟಲಿಯ ಫ್ಲಾರೆನ್ಸ್ ದ್ವೈವಾರ್ಷಿಕದ ಚಿನ್ನದ ಪದಕ ಅವರ ಪಾಲಾಯಿತು. ಪದಕ ಗಳಿಸಿದ ಕೃತಿಯು ವಿಕೃತಗೊಂಡ ಮಾನವಾಕೃತಿಗಳಿಗೆ ಹೆಸರಾದ ಬ್ರಿಟಿಷ್ ಚಿತ್ರಕಾರ ಫ್ರಾನ್ಸಿಸ್ ಬೇಕನ್‌ನ ನೆನಪನ್ನು ಹೊತ್ತದ್ದು. ಕೇರಳ ಸರ್ಕಾರವು 2012ರಲ್ಲಿ ರಾಜಾ ರವಿವರ್ಮ ಪುರಸ್ಕಾರ ನೀಡಿ ಹುಟ್ಟೂರಿನ ನಂಟನ್ನು ನೆನೆಯಿತು.

2016ರ ಅಕ್ಟೋಬರ್ 4ರಂದು ಬೆಂಗಳೂರಿನಲ್ಲಿ ಅವರು ನಿಧನರಾದರು. ಆಗ ಅವರಿಗೆ 71 ವರ್ಷ.