‘ಅರಳುಮರಳು’ ಅಂದುಬಿಡುವ ಮುಂಚೆ: ಇಳಿವಯಸ್ಸಿನ ಖಿನ್ನತೆ ಮತ್ತು ಮರೆವಿನ ಕಾಯಿಲೆ

‘ಅರವತ್ತಕ್ಕೆ ಅರಳುಮರಳು’ ಅನ್ನೋದನ್ನ ನಾವೆಲ್ಲ ತಮಾಷೆಗೆ ಬಳಸ್ತೀವಿ. ಆದರೆ ಹಿರಿಯರ ಮಾನಸಿಕ ಆರೋಗ್ಯದ ವಿಷಯದಲ್ಲಿ ಈ ಗಾದೆ ತುಂಬಾ ಹಾನಿ ಮಾಡಿದೆ ಅಂತ ನನಗನ್ನಿಸುತ್ತದೆ. ಮಾತು ಕಡಿಮೆ ಮಾಡಿದ, ಊಟ ಸೇರದ, ಹೇಳಿದ್ದನ್ನ ಮರೆಯುವ ಅಜ್ಜಿಗೆ ಖಿನ್ನತೆ ಇರಬಹುದು, ಡಿಮೆನ್ಷಿಯಾ ಇರಬಹುದು, ಎರಡೂ ಇರಬಹುದು. ಖಿನ್ನತೆಗೆ ಚಿಕಿತ್ಸೆಯಿದೆ, ಬಹಳಷ್ಟು ಜನ ಚೇತರಿಸಿಕೊಳ್ಳುತ್ತಾರೆ. ಅಲ್ಜೈಮರ್‌ನಂಥ ಡಿಮೆನ್ಷಿಯಾವನ್ನು ಗುಣಪಡಿಸುವ ಔಷಧ ಇನ್ನೂ ಇಲ್ಲ. ಎರಡನ್ನೂ ‘ವಯಸ್ಸಾಯ್ತಲ್ಲ’ ಅಂತ ಒಂದೇ ಮೂಟೆಗೆ ಕಟ್ಟಿದರೆ ಗುಣವಾಗಬಹುದಾದವರೂ ಮೂಲೆ ಸೇರುತ್ತಾರೆ.

ಎಷ್ಟು ಜನ ಹೀಗೆ ಮೂಲೆ ಸೇರಿದ್ದಾರೆ? ಕೇಂದ್ರ ಸರ್ಕಾರದ ‘ಲಾಸಿ’ ಎಂಬ ವೃದ್ಧಾಪ್ಯ ಸಮೀಕ್ಷೆಯ ಮೊದಲ ಸುತ್ತು ನಡೆದಿದ್ದು 2017-18ರಲ್ಲಿ. 60 ದಾಟಿದವರಿಗೆ ಪ್ರಶ್ನೆ ಕೇಳಿ ಅಳೆದಾಗ ಶೇ. 8.3ರಷ್ಟು ಜನರಲ್ಲಿ ಖಿನ್ನತೆಯ ಲಕ್ಷಣ ಕಂಡವು. ‘ನನಗೆ ಖಿನ್ನತೆ ಇದೆ ಅಂತ ಡಾಕ್ಟರ್ ಹೇಳಿದ್ದಾರೆ’ ಅಂದವರು ಶೇ. 0.8 ಮಾತ್ರ. ಅಂದರೆ ಹತ್ತರಲ್ಲಿ ಒಂಬತ್ತು ಜನರ ಕಾಯಿಲೆಗೆ ಹೆಸರೇ ಸಿಕ್ಕಿಲ್ಲ. ಅದೇ ಸಮೀಕ್ಷೆಯ ಮುಂದುವರಿಕೆಯಾಗಿ 2023ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ದೇಶದಲ್ಲಿ ಡಿಮೆನ್ಷಿಯಾ ಇರುವ ಹಿರಿಯರು ಸುಮಾರು 88 ಲಕ್ಷ, ಅಂದರೆ 60 ದಾಟಿದವರಲ್ಲಿ ಶೇ. 7.4. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು.

ಇವೆರಡಕ್ಕೂ ಇರುವ ನಂಟು ಎಂಥದ್ದು ಅನ್ನೋದು ಹಳೆಯ ಜಗಳ. ಬ್ರಿಟನ್‌ನ ಸರ್ಕಾರಿ ನೌಕರರ ಮೇಲೆ 1985ರಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು 28 ವರ್ಷ ಹಿಂಬಾಲಿಸಿತು. ನಡುವಯಸ್ಸಿನಲ್ಲಿ ಖಿನ್ನತೆಯ ಲಕ್ಷಣವಿದ್ದವರಿಗೆ ಮುಂದೆ ಡಿಮೆನ್ಷಿಯಾ ಹೆಚ್ಚೇನೂ ಬಂದಿರಲಿಲ್ಲ. ಆದರೆ ಡಿಮೆನ್ಷಿಯಾ ಬಂದವರಲ್ಲಿ, ಅದು ಪತ್ತೆಯಾಗುವ ಸುಮಾರು 11 ವರ್ಷ ಮೊದಲೇ ಖಿನ್ನತೆಯ ಲಕ್ಷಣಗಳು ಏರತೊಡಗಿದ್ದವು. ಹಾಗಾದರೆ ಇಳಿವಯಸ್ಸಿನಲ್ಲಿ ಹೊಸದಾಗಿ ಬರುವ ಖಿನ್ನತೆ ಕೆಲವರಲ್ಲಿ ಡಿಮೆನ್ಷಿಯಾದ ಕಾರಣವಲ್ಲ, ಅದರ ಮೊದಲ ಸದ್ದು. ಇಷ್ಟಕ್ಕೇ ಮುಗೀತು ಅನ್ನುವಂತಿಲ್ಲ. ಡೆನ್ಮಾರ್ಕ್‌ನ 14 ಲಕ್ಷ ಜನರ ದಾಖಲೆ ನೋಡಿದ 2023ರ ಅಧ್ಯಯನದಲ್ಲಿ, ಖಿನ್ನತೆ ಯೌವನದಲ್ಲೇ ಪತ್ತೆಯಾಗಿದ್ದರೂ ಡಿಮೆನ್ಷಿಯಾದ ಅಪಾಯ ದುಪ್ಪಟ್ಟಿಗಿಂತ ಹೆಚ್ಚಿತ್ತು. ಅಲ್ಲಿ ಲೆಕ್ಕಕ್ಕೆ ಸಿಕ್ಕಿದ್ದು ಆಸ್ಪತ್ರೆಯಲ್ಲಿ ದಾಖಲಾದ ಖಿನ್ನತೆ. ಪ್ರಶ್ನಾವಳಿಯಲ್ಲಿ ಕಾಣುವ ಬೇಜಾರಿಗಿಂತ ಅದು ಸಾಮಾನ್ಯವಾಗಿ ತೀವ್ರ. ನನಗೆ ತೋಚುವ ಒಂದು ವಿವರಣೆ ಅದು. ದೀರ್ಘಕಾಲ ಏರಿಯೇ ಇರುವ ಕಾರ್ಟಿಸಾಲ್, ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಕುಗ್ಗುವುದು, ಬಿಪಿ-ಶುಗರ್‌ನಿಂದ ಮೆದುಳಿನ ಸಣ್ಣ ರಕ್ತನಾಳ ಹಾಳಾಗುವುದು, ಜನರ ಒಡನಾಟ ಕಳೆದುಕೊಳ್ಳುವುದು – ದಾರಿಗಳು ಹಲವು ಇರಬಹುದು.

ಆದರೆ ಮನೆಯವರಿಗೆ ಮುಖ್ಯವಾಗಬೇಕಾದ್ದು ಇನ್ನೊಂದು: ಖಿನ್ನತೆಯೇ ಮರೆವಿನ ವೇಷ ಹಾಕಿಕೊಂಡು ಬರೋದು. 1961ರಲ್ಲಿ ಮನೋವೈದ್ಯ ಕಿಲೋ ಇದನ್ನು ‘ಸ್ಯೂಡೊ ಡಿಮೆನ್ಷಿಯಾ’ ಹೆಸರಲ್ಲಿ ವಿವರಿಸಿದರು. ಖಿನ್ನತೆಯಿಂದ ಮರೆಯುವವರು ‘ನಂಗೇನೂ ನೆನಪಿರಲ್ಲ, ಕೇಳಬೇಡಿ’ ಅಂತ ತಾವೇ ದೂರುತ್ತಾರೆ. ಬದಲಾವಣೆ ಕೆಲವೇ ವಾರಗಳಲ್ಲಿ ಕಾಣುತ್ತದೆ. ಡಿಮೆನ್ಷಿಯಾ ಇರುವವರು ಬಹಳ ಸಲ ಮರೆವನ್ನು ಮುಚ್ಚಿಡುತ್ತಾರೆ, ಏನೋ ಒಂದು ಉತ್ತರ ಕಟ್ಟಿ ಹೇಳುತ್ತಾರೆ. ಅದು ವರ್ಷಗಳಲ್ಲಿ ನಿಧಾನಕ್ಕೆ ಬರುವಂಥದ್ದು. ಇವು ಸುಳಿವು ಅಷ್ಟೆ, ಮನೆಯಲ್ಲೇ ತೀರ್ಪು ಕೊಡೋಕೆ ಅಲ್ಲ. ಥೈರಾಯ್ಡ್ ಮತ್ತು ಬಿ12 ಕೊರತೆಯೂ ಇದೇ ಲಕ್ಷಣ ತರುವುದರಿಂದ ಮೊದಲು ರಕ್ತ ಪರೀಕ್ಷೆ ಆಗಬೇಕು. ಖಿನ್ನತೆ ವಾಸಿಯಾಗಿ ನೆನಪು ಮರಳಿದರೂ ಅಂಥವರಿಗೆ ಮುಂದೆ ಡಿಮೆನ್ಷಿಯಾ ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಹಾಗಾಗಿ ವಾಸಿಯಾಯ್ತು ಅಂತ ಡಾಕ್ಟರ ಬಳಿ ಹೋಗೋದು ಬಿಡುವಂತಿಲ್ಲ. ಇನ್ನೊಂದು ಮಾತು: ಅಮಿಟ್ರಿಪ್ಟಿಲಿನ್‌ನಂಥ ಹಳೆಯ ಖಿನ್ನತೆ ಮಾತ್ರೆಗಳು ವಯಸ್ಸಾದವರಲ್ಲಿ ಮರೆವು, ಗೊಂದಲ ಹೆಚ್ಚಿಸಬಲ್ಲವು. ತಾವಾಗಿಯೇ ನಿಲ್ಲಿಸಬಾರದು, ಆದರೆ ಇದು ಬೇಕಾ ಅಂತ ಡಾಕ್ಟರನ್ನು ಕೇಳಲೇಬೇಕು.

ಪತ್ತೆಹಚ್ಚುವ ಸಾಧನಗಳಲ್ಲೂ ವರ್ಗ ಇದೆ. ಜಗತ್ತಿನೆಲ್ಲೆಡೆ ಬಳಸುವ ಎಂಎಂಎಸ್‌ಇ ಪರೀಕ್ಷೆಯಲ್ಲಿ ಒಂದು ವಾಕ್ಯ ಬರೆಯಬೇಕು, ನೂರರಿಂದ ಏಳೇಳು ಕಳೆಯುತ್ತಾ ಹೋಗಬೇಕು. ಶಾಲೆಯ ಮೆಟ್ಟಿಲೇ ಹತ್ತದ ಅಜ್ಜಿಯಲ್ಲಿ ಅದು ಅಳೆಯೋದು ನೆನಪನ್ನಾ, ಅಥವಾ ಅವರಿಗೆ ಸಿಗದ ಶಿಕ್ಷಣವನ್ನಾ? ಈ ತೊಂದರೆಗಾಗಿಯೇ 90ರ ದಶಕದಲ್ಲಿ ಹರಿಯಾಣದ ಬಲ್ಲಭ್‌ಗಢದಲ್ಲಿ ಓದುಬರಹ ಬಾರದವರಿಗೆ ಹೊಂದುವ ಹಿಂದಿ ಪರೀಕ್ಷೆ ರೂಪಿಸಿದರು. ಖಿನ್ನತೆಯದ್ದೂ ಇದೇ ಕಥೆ. ನಮ್ಮ ಕಡೆ ಯಾವ ಅಜ್ಜಿಯೂ ‘ಖಿನ್ನತೆ’ ಅನ್ನಲ್ಲ. ಮೈಕೈ ನೋವು, ಎದೆ ಉರಿ, ನಿದ್ದೆ ಬರಲ್ಲ, ಯಾಕೋ ಜೀವಕ್ಕೆ ಬ್ಯಾಸರ ಅನ್ನುತ್ತಾರೆ. ಸಿಗೋದು ನೋವಿನ ಮಾತ್ರೆ.

2024ರ ಲ್ಯಾನ್ಸೆಟ್ ಆಯೋಗ ಬದುಕಿನುದ್ದಕ್ಕೂ ಬದಲಿಸಬಹುದಾದ 14 ಅಪಾಯಗಳನ್ನು ಪಟ್ಟಿ ಮಾಡಿ, ಅವನ್ನೆಲ್ಲ ನಿವಾರಿಸಿದರೆ ಸುಮಾರು ಶೇ. 45ರಷ್ಟು ಡಿಮೆನ್ಷಿಯಾ ತಡೆಯಬಹುದು ಅಥವಾ ಮುಂದೂಡಬಹುದು ಎಂದಿತು. ಖಿನ್ನತೆಯ ಪಾಲು ಅದರಲ್ಲಿ ಶೇ. 3 ಮಾತ್ರ. ಚಿಕ್ಕದು ಅನ್ನಿಸಬಹುದು. ಆದರೆ ಪಟ್ಟಿಯಲ್ಲಿ ಜೊತೆಗಿರುವವನ್ನು ನೋಡಿ: ಕಡಿಮೆ ಶಿಕ್ಷಣ, ಕಿವುಡು, ಒಂಟಿತನ. ಕಿವಿ ಕೇಳದ, ಓದದ, ಒಬ್ಬಂಟಿ ಹೆಂಗಸಿನಲ್ಲಿ ಇವೆಲ್ಲ ಒಟ್ಟಿಗೇ ಇರುತ್ತವೆ. ಅವರಿಗೆ ಕೇಂದ್ರದ ವೃದ್ಧಾಪ್ಯ ಪಿಂಚಣಿಯ ಪಾಲು 80 ದಾಟುವವರೆಗೆ ತಿಂಗಳಿಗೆ 200 ರೂಪಾಯಿ. ಶ್ರವಣ ಸಾಧನ, ಬಸ್ ಸೌಕರ್ಯ, ಪಿಂಚಣಿ – ನನ್ನ ಮಟ್ಟಿಗೆ ಇವೂ ಮೆದುಳಿನ ಆರೋಗ್ಯದ ಪ್ರಶ್ನೆಗಳೇ.

ಕರ್ನಾಟಕ ಈ ವಿಷಯದಲ್ಲಿ ಬರಿಗೈಯಲ್ಲೇನೂ ಇಲ್ಲ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಗಿದ್ದು 80ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಮಾಡಿದ ಪ್ರಯೋಗ. ಮನೋಚೈತನ್ಯ ಯೋಜನೆಯಡಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಕ್ಲಿನಿಕ್ ಇರಬೇಕು. 2022ರಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿಯ ನಂಬರ್ 14416, ಕನ್ನಡದಲ್ಲೇ ಮಾತಾಡಬಹುದು. ಮುಂದಿನ ಮಂಗಳವಾರ ನಿಮ್ಮ ತಾಲೂಕು ಆಸ್ಪತ್ರೆಗೆ ಹೋಗಿ, ಆ ಕ್ಲಿನಿಕ್ ನಡೀತಿದೆಯಾ ನೋಡಿ. ನಡೀತಿದ್ದರೆ ಅಜ್ಜಿಯನ್ನು ಕರೆದುಕೊಂಡು ಹೋಗಿ, ಇಲ್ಲದಿದ್ದರೆ ನಿಮ್ಮ ಶಾಸಕರನ್ನು ಕೇಳಿ.